ಹಳೆಯ ಸ್ಕ್ಯಾನಿನ ಕೊನೆಯ ಚಿತ್ರಗಳು

ಸ್ಕ್ಯಾನ್ ಓದುವ ಕೋಣೆಗೆ ಕಿಟಕಿ ಇರಲಿಲ್ಲ. ಪರದೆಯ ಬೆಳಕಿನಲ್ಲಿ ಕೂತಿದ್ದ ಡಾಕ್ಟರಮ್ಮನ ಕಿವಿಗೆ, ಅರೆತೆರೆದ ಬಾಗಿಲಾಚೆಯಿಂದ ವಿಭಾಗದ ದೊಡ್ಡ ಡಾಕ್ಟರ ದನಿ ಬಿತ್ತು.

“ಇಷ್ಟು ದಿನ ಏನ್ ಮಾಡ್ತಿದ್ರಿ? ಮಗು ತೂರಾಡೋವರೆಗೂ ಕಾಯೋದಾ? ತಾಯಿಯಾಗಿ ಅಷ್ಟೂ ಗೊತ್ತಾಗಲ್ವಾ?”

ಹುಡುಗಿಯ ತಾಯಿ ಏನೋ ಗೊಣಗಿದಳು, ಅದು ಕೇಳಿಸಲಿಲ್ಲ.

ಪರದೆಯ ಮೇಲೆ ಆ ಹುಡುಗಿಯದೇ ತಲೆ. ಹಿಂಭಾಗದಲ್ಲಿ, ಕಿರುಮೆದುಳಿನ ನಟ್ಟನಡುವೆ, ನಿಂಬೆಹಣ್ಣಿನಷ್ಟು ಗಡ್ಡೆ. ಹುಡುಕುವ ಕಷ್ಟವೇ ಇರಲಿಲ್ಲ. ಆದರೂ ಹಳೆಯ ಸ್ಕ್ಯಾನನ್ನು ಪಕ್ಕದಲ್ಲಿಟ್ಟು ನೋಡದೆ ವರದಿ ಬರೆಯಬಾರದೆಂಬುದು ಈ ಕೋಣೆಯ ಕಟ್ಟಳೆ. ಹಳೆಯದೂ ಒಂದಿತ್ತು, ಕಳೆದ ಚಳಿಗಾಲದ್ದು. ತಲೆನೋವು, ಬೆಳಗ್ಗೆ ಎದ್ದೊಡನೆ ವಾಂತಿ ಎಂದು ಇದೇ ತಾಯಿ ಆಗಲೇ ಕರೆತಂದಿದ್ದಳು. ‘ಸೈನಸ್‌ಗಳಲ್ಲಿ ಕಫ ತುಂಬಿದೆ. ಮೆದುಳು ಸರಿಯಾಗಿದೆ’ ಎಂಬ ವರದಿಯ ಕೆಳಗೆ ದೊಡ್ಡ ಡಾಕ್ಟರ ಸಹಿ.

ಡಾಕ್ಟರಮ್ಮ ಹಳೆಯ ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತಾ ಹೋದಳು. ಕಫ ಇತ್ತು, ಸುಳ್ಳಲ್ಲ. ತಲೆಯ ತೀರಾ ಕೆಳಭಾಗದ ಕೊನೆಯ ಚಿತ್ರಗಳಲ್ಲಿ, ಅದೇ ಜಾಗದಲ್ಲಿ ದ್ರಾಕ್ಷಿಯಷ್ಟು ಗಡ್ಡೆಯೂ ಇತ್ತು.

ಅವಳಿಗೆ ಮೈಯೆಲ್ಲ ಉರಿಯಿತು. ತಲೆನೋವಿಗೆ ಒಂದು ಕಾರಣ ಸಿಕ್ಕಿತೆಂದು ಕೈತೊಳೆದುಕೊಂಡು ಎದ್ದುಹೋದ ಮಹಾನುಭಾವರು! ಶಿಷ್ಯರೆಲ್ಲ ‘ಹದ್ದಿನಕಣ್ಣು’ ಎಂದು ಅಡ್ಡಹೆಸರಿಟ್ಟದ್ದು ಇವರಿಗೇ. ಒಂದು ಸಿಕ್ಕಿತೆಂದು ನಿಲ್ಲಬೇಡಿ, ಇನ್ನೊಂದು ಇದೆ ಅಂತಲೇ ಹುಡುಕಿ ಎಂದು ಅವಳಿಗೆ ಕಲಿಸಿದವರೂ ಇವರೇ. ತಪ್ಪು ಯಾರಿಂದಲೂ ಆಗುತ್ತದೆ, ನಾಳೆ ಅವಳಿಂದಲೂ ಆದೀತು. ಆದರೆ ಅದನ್ನು ಹೆತ್ತವಳ ತಲೆಗೆ ಕಟ್ಟುವುದೇ?

ಹದ್ದಿನಕಣ್ಣು ಒಳಗೆ ಬಂದರು. ಅಕ್ಕಪಕ್ಕದ ಎರಡು ಚಿತ್ರಗಳನ್ನು ನೋಡಿದ್ದೇ ಅವರ ಮುಖ ಇಳಿದುಹೋಯಿತು.

“ಹಳೇದನ್ನ ಕೆದಕಬೇಡಮ್ಮ. ಈಗ ಗಡ್ಡೆ ಇದೆ, ಅಷ್ಟು ಬರಿ. ಮಿಕ್ಕಿದ್ದರಿಂದ ಮಗುಗೇನು ಲಾಭ?”

“ಎಷ್ಟು ಬೇಗ ಬೆಳೀತಿದೆ ಅಂತ ಆಪರೇಷನ್ ಮಾಡೋರಿಗೆ ಗೊತ್ತಾಗ್ಬೇಡ್ವಾ ಸರ್?”

“ಅದನ್ನ ನಾನೇ ಬಾಯಲ್ಲಿ ಹೇಳ್ತೀನಿ.”

“ಆ ತಾಯಿಗೆ ನೀವು ಬಾಯಲ್ಲಿ ಹೇಳಿದ್ದೂ ಕೇಳಿಸ್ತು ಸರ್. ಅದನ್ನ ಯಾರು ವಾಪಸ್ ತಗೋತಾರೆ?”

ಅವಳು ಅವರೆದುರೇ ಬರೆದಳು: ‘ಹಿಂದಿನ ಸ್ಕ್ಯಾನಿನಲ್ಲಿಯೂ ಗಡ್ಡೆ ಇತ್ತು. ಈಗ ಬಹಳ ಬೆಳೆದಿದೆ.’ ಸಹಿ ಹಾಕಿ ಹೊರಗೆ ಬಂದಳು.

ತಾಯಿ ಬೆಂಚಿನ ಮೇಲಿದ್ದಳು. ಮಗಳು ಅವಳ ತೊಡೆಯ ಮೇಲೆ ತಲೆಯಿಟ್ಟು ಕಣ್ಣುಮುಚ್ಚಿ ಮಲಗಿದ್ದಳು. ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ ತಾಯಿ ಶುರುಮಾಡಿದಳು.

“ನಂದೇ ತಪ್ಪು ಡಾಕ್ಟ್ರೇ. ಬರೀ ಸೈನಸ್ ಅಂದಿದ್ರಲ್ಲ. ಇವಳು ಬೆಳಗ್ಗೆ ತಲೆ ಹಿಡ್ಕೊಂಡು ಅತ್ತಾಗೆಲ್ಲ, ಸ್ಕೂಲು ತಪ್ಪಿಸೋಕೆ ನಾಟಕ ಅಂತ ಬೈದೆ. ಒಂದ್ಸಲ ಹೊಡೆದೂಬಿಟ್ಟೆ.”

ಡಾಕ್ಟರಮ್ಮ ಅವಳ ಪಕ್ಕದಲ್ಲೇ ಕೂತಳು.

“ನೀವು ತಡ ಮಾಡ್ಲಿಲ್ಲ ಅಮ್ಮ. ಸರಿಯಾದ ಹೊತ್ತಿಗೇ ಬಂದಿದ್ರಿ. ಗಡ್ಡೆ ಅವತ್ತೇ ಇತ್ತು. ನೋಡದೆ ಬಿಟ್ಟಿದ್ದು ನಾವು.”

ತಾಯಿ ಮಗಳ ಕೂದಲು ನೇವರಿಸುತ್ತಲೇ ಬಾಗಿಲ ಕಡೆ ನೋಡಿದಳು.

“ನನ್ನ ಬೈದ್ರಲ್ಲ, ಆ ದೊಡ್ಡ ಡಾಕ್ಟ್ರನ್ನ ಕರೀರಿ. ನನಗೇನೂ ಹೇಳೋದು ಬೇಡ. ಇವಳಿಗೆ ಹೇಳ್ಲಿ, ನೋವು ನಿಜವಾಗ್ಲೂ ಇತ್ತು ಅಂತ.”

ಡಾಕ್ಟರಮ್ಮ ಎದ್ದುಹೋಗಿ ಬಾಗಿಲನ್ನು ಪೂರ್ತಿ ತೆರೆದಳು.

“ಸರ್, ಹೊರಗೆ ಬನ್ನಿ. ನಿಮ್ಮನ್ನ ಕರೀತಿದಾರೆ.”