ಸೆರಗಲ್ಲಿ ಒರೆಸಿದ ಚಿಪ್ಪು

ಕೆಂಪಸಿದ್ದಯ್ಯನ ನಾಲಗೆ ಸತ್ತೋಗದೆ ಅಂತ ನಮ್ಮ ಕೊಪ್ಪದಲ್ಲಿ ಅವನ ಬುಟ್ರೆ ಇಬ್ರಿಗೇ ಗೊತ್ತಿದ್ದುದು. ಒಬ್ಳು ಅವನ ಎಡ್ತಿ ಬೆಟ್ಟಮ್ಮ. ಇನ್ನೊಬ್ಳು ನಾನು ಪಟ್ಟಲಮ್ಮ, ಎಂಡದಂಗಡಿ ಬಾಗ್ಲಲ್ಲಿ ಉಳ್ಳಿಕಾಳು ಉಸ್ಲಿ ಮಾರೋಳು.

ಅಂಗಡಿಗೆ ಬರೋ ಈಚಲು ಎಂಡಾನೆಲ್ಲ ರುಚಿ ನೋಡಿ ತೀರ್ಪು ಏಳೋದೇ ಅವನ ಕೆಲ್ಸ. ಮರ ಅತ್ತೋರು ಬೆಳಿಗ್ಗೆ ಮಡಕೆ ತಂದು ಸಾಲಾಗಿ ಮಡುಗ್ತಿದ್ರು. ಇವನು ಒಂದು ತೆಂಗಿನ ಚಿಪ್ಪು ಎಂಡ ಬಾಯಿಗುಯ್ಕಂಡು, ಕಣ್ಮುಚ್ಚಿ, ಮುಕ್ಕಳಿಸಿ, 'ಆಯ್ತು' ಅಂದ್ರೆ ಮಡಕೆ ಒಳೀಕೆ. ಥೂ ಅಂದ್ರೆ ಚರಂಡಿಗೆ. ಎಂತೆಂತಾ ಗಂಡಸ್ರು ಅವನ ಬಾಯಿ ನೋಡ್ಕಂಡು ನಿಂತ್ಕತಿದ್ರು! ಅದೇ ಸೊಕ್ಕು ಮನೇಲೂವೆ. ಬೆಟ್ಟಮ್ಮ ಬಡಿಸಿದ ಸಾರಿಗೆ ಥೂ ಅಂದು ತಟ್ಟೆ ಎಸೆಯೋನು, ಲೋಫರ್ ನನ್ಮಗ.

ಎಮರ್ಜೆನ್ಸಿ ಬಂದ ವರ್ಷ ವಿಷಮಶೀತ ಜ್ವರ ಬಂದು ಮಲಗ್ದ. ಎದ್ದಾಗ ವಾಸ್ನೆ ಇಲ್ಲ, ರುಚಿ ಇಲ್ಲ. ಬೇವು ಕೊಟ್ರೂ ಒಂದೇ, ಬೆಲ್ಲ ಕೊಟ್ರೂ ಒಂದೇ. "ಕೆಲ್ಸ ಓದ್ರೆ ನನ್ನ ನಾಯೀನೂ ಮೂಸಕಿಲ್ಲ ಕಣಮ್ಮಿ, ಮರ್ವಾದೆ ಉಳ್ಸು" ಅಂತ ಎಡ್ತಿ ಕಾಲಿಡ್ಕಂಡು ಅತ್ತ. ಅವಳು ಒಪ್ಕಂಡ್ಲು. ಅಂಗಡೀಲಿ ಎಂಡ ಸೋಸೋಳು ಅವಳೇ. ಸೋಸುವಾಗ ಮರೇಲಿ ಒಂದು ಗುಟುಕು ನೋಡೋಳು. ಚೆನ್ನಾಗಿದ್ರೆ ಚಿಪ್ಪನ್ನ ಸೆರಗಲ್ಲಿ ಒರೆಸಿ ಗಂಡನ ಕೈಗೆ ಕೊಡೋಳು. ಕೆಟ್ಟಿದ್ರೆ ಒರೆಸ್ದೆ ಕೊಡೋಳು. ಒಂದಿನಾನೂ ತಪ್ಪಲಿಲ್ಲ.

ಆದ್ರೆ ಅವನು ನನ್ನ ಅಳಸಿದ ಉಸ್ಲೀನ ಬಾಯಿ ಚಪ್ಪರಿಸ್ಕಂಡು ತಿಂದಿದ್ದನ್ನ ಅಂಗಡಿ ಕಂಟ್ರಾಕ್ಟರು ಸಿದ್ದರಾಮು ನೋಡ್ಬುಟ್ಟ. ಅನುಮಾನ ಬಂತು ಅವನಿಗೆ. ತನ್ನ ಬಾಮೈದನ ಮಡಕೇನ ಕೆಂಪಸಿದ್ದಯ್ಯ ಚೆಲ್ಲಿಸಿದ್ದ ಉರಿ ಬೇರೆ ಇತ್ತು.

ಒಂದಿನ ಬೆಳಿಗ್ಗೆ ಬೆಟ್ಟಮ್ಮ ಕುಂಟ್ಕಂಡು ಬಂದ್ಲು. ಪಾದದ ತುಂಬ ಬೊಬ್ಬೆ.

"ಏನಮ್ಮಿ ಇದು?"

"ಸಾರಿಗೆ ಉಪ್ಪಿಲ್ಲ ಅಂತ ಕಾಲ್ಮೇಲೆ ಸುರುದ್ಬುಟ್ಟ ಕಣಕ್ಕ."

"ಉಪ್ಪಾ? ಆ ಮುಂಡೇಮಗನ ಬಾಯಿಗೆ ಉಪ್ಪು ಎಲ್ಲಿ ಗೊತ್ತಾದದು!"

"ಅದೇ ಕಣಕ್ಕ" ಅಂದ್ಲು. ನನ್ಗೆ ಮೈಯೆಲ್ಲ ಉರುದೋಯ್ತು. ಅವಳು ಅಳ್ಲೇ ಇಲ್ಲ.

ಅವತ್ತು ಸಿದ್ದರಾಮು ತಾನೇ ಒಂದು ಮಡಕೆ ತಂದ. "ಒಸ ಮರದ್ದು, ತೀರ್ಪು ಏಳಪ್ಪ" ಅಂದ. ಮೇಲೆಲ್ಲ ಬೆಳ್ಳಗೆ ನೊರೆ. ಬಾಗ್ಲಲ್ಲಿದ್ದ ನನ್ಗೇ ವಾಸ್ನೆ ಒಡೀತು: ಎಮ್ಮೆ ಕುಡಿಯೋ ಕಲಗಚ್ಚು! ಬೆಟ್ಟಮ್ಮ ಸೋಸಿದ್ಲು, ಗುಟುಕು ನೋಡಿದ್ಲು. ಚಿಪ್ಪು ತಗಂಡು ಸುಮ್ನೆ ನಿಂತ್ಕಂಡ್ಲು. ಅವಳ ಗಂಡ ಕೈ ಚಾಚಿ ಅವಳ ಸೆರಗನ್ನೇ ನೋಡ್ತಿದ್ದ.

ಒರೆಸಿದ್ಲು ಕಣ್ರಪ್ಪ. ಒಳಗೂ ಒರೆಸಿದ್ಲು, ಒರಗೂ ಒರೆಸಿದ್ಲು. ತುಂಬ್ಸಿ ಕೊಟ್ಲು.

ಅವನು ಕಣ್ಮುಚ್ಚಿ ಮುಕ್ಕಳಿಸಿ ನುಂಗಿದ. "ಆಹಾ! ಕೆರೆ ಏರಿ ಮರದ್ದು. ಇಂತಾ ಎಂಡ ಈ ವರ್ಷ ಕಂಡೇ ಇಲ್ಲ!"

"ನಮ್ಮೆಮ್ಮೆ ಕಲಗಚ್ಚು ಕಣ್ಲಾ ಅದು!" ಅಂದ ಸಿದ್ದರಾಮು. ಇಡೀ ಅಂಗಡಿ ಬಿದ್ದು ಬಿದ್ದು ನಕ್ತು. ಎಷ್ಟೋ ಸಲ ಅವನ ಕೈಲಿ ಮಡಕೆ ಚೆಲ್ಲಿಸ್ಕಂಡಿದ್ದ ಕರಿಯಯ್ಯ ಅವನ ತಲೆಕೂದ್ಲು ಇಡ್ದು, "ಪೂರ್ತಿ ಕುಡೀಲಾ, ಚೆನ್ನಾಗದೆ ಅಂದಲ್ಲ!" ಅಂತ ಮಡಕೇನೇ ಬಾಯಿಗೆ ಇಟ್ಟ. ಕುಡಿಸೇ ಬುಟ್ರು. ಗಡ್ಡದ ಮೇಲೆಲ್ಲ ಅನ್ನದ ಅಗುಳು. ಅವನು ಎಡ್ತೀನ ನೋಡ್ದ. ಅವಳು ಬಗ್ಗಿ ಮಡಕೆ ತೊಳೀತಿದ್ಲು. "ನಾಳಿಂದ ಈ ಕಡೆ ತಲೆ ಆಕ್ಬೇಡ" ಅಂತ ಸಿದ್ದರಾಮು ಅವನ ಆಚೆಗೆ ದಬ್ಬಿದ.

ಮಧ್ಯಾಹ್ನ ಅವರ ಮನೆಗೋದೆ. ಬೆಟ್ಟಮ್ಮ ನನ್ಗೂ ಗಂಡನಿಗೂ ಮುದ್ದೆ ಇಕ್ಕಿ ಸಾರು ಬುಟ್ಲು. ಅವನು ತಲೆ ಬಗ್ಸಿ ಉಣ್ತಿದ್ದ.

"ಉಪ್ಪು ಎಂಗದೆ?" ಅಂದ್ಲು ಬೆಟ್ಟಮ್ಮ.

ಅವನು ತಲೆ ಎತ್ಲಿಲ್ಲ. "ಸರಿಯಾಗದೆ ಕಣಮ್ಮಿ" ಅಂದ.

ನಾನು ಒಂದು ತುತ್ತು ಬಾಯಿಗಿಟ್ಟೆ. ಸಾರಿಗೆ ಒಂದರಳು ಉಪ್ಪು ಬಿದ್ದಿರ್ಲಿಲ್ಲ. ಬೆಟ್ಟಮ್ಮ ಉಪ್ಪಿನ ಕುಡಿಕೇನ ನನ್ನ ಮುಂದಕ್ಕೆ ಮಾತ್ರ ತಳ್ಳಿದ್ಲು.