ಖಡಿ ದಾರಿಯಲ್ಲಿ ಬಿಟ್ಟ ಚಪ್ಪಲಿ

ಸವಣೂರಿನ ವೀಳ್ಯದೆಲೆ ತೋಟದ ಕರಬಸಪ್ಪನಿಗೆ ಬಾಯಿ ಜೋರು. ಮಗಳು ರಾಜಶ್ರೀ ಹಾನಗಲ್ಲಿನಾಚೆ ಗುಡ್ಡದ ಮೇಲೆ, ಗಂಡನ ಹೊಲದಲ್ಲಿ ಎಲೆಬಳ್ಳಿ ಹಚ್ಚುತ್ತೇನೆಂದಾಗ ನಾಲ್ಕು ಜನರೆದುರು ನಕ್ಕುಬಿಟ್ಟಿದ್ದ. "ಕಲ್ಲಾಗ ಎಲಿ ಬೆಳಿತಾವೇನು? ಅದನ್ನ ತ್ವಾಟ ಅಂತ ತಿಳದು ನಾ ಚಪ್ಪಲಿ ಬಿಡಾಂವಲ್ಲ!" ಆ ಮನೆತನದಲ್ಲಿ ಬಳ್ಳಿಯ ಹತ್ತಿರ ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ಮಾತು ಮಗಳ ಎದೆಗೆ ನಾಟಿತು. ವರ್ಷವಾದರೂ ತವರಿಗೆ ಬರಲಿಲ್ಲ.

ಮೊನ್ನೆ ಅವಳ ಫೋನು ಬಂತು. "ಹಚ್ಚಿದ್ದು ಅರ್ಧ ಒಣಗ್ಯಾವ. ನಮ್ಮ ತ್ವಾಟದ ಬಳ್ಳಿ ಬೇಕು." ಅಷ್ಟೇ ಅಂದಳು. ಕರಬಸಪ್ಪ ಮುಂಜಾನೆಯೇ ಬಳ್ಳಿ ಕೊಯ್ದು, ಹಸಿ ಗೋಣಿತಟ್ಟಿನಲ್ಲಿ ಸುತ್ತಿ, ಬೈಕಿನ ಹಿಂದೆ ಕಟ್ಟಿದ.

ಬಂಕಾಪುರದ ನವಿಲಿನ ಕೂಗು ಹಿಂದೆ ಉಳಿಯಿತು. ಹಾನಗಲ್ಲ ದಾಟಿದ ಮೇಲೆ ಗುಡ್ಡದ ಖಡಿ ದಾರಿ, ಡಾಂಬರಿಲ್ಲದ ಬರೀ ಜಲ್ಲಿ. ಮುಂದೆ ಗಾಡಿಯಿಲ್ಲ, ಹಿಂದೆ ಗಾಡಿಯಿಲ್ಲ. ಮಂಜು ದಾರಿಯನ್ನು ಅರ್ಧ ನುಂಗಿತ್ತು. ಗಾಲಿಯಡಿ ಖಡಿ ಸರಸರ ಅನ್ನುತ್ತ, ಬೈಕು ಓಡುತ್ತಿದೆಯೋ ಗುಡ್ಡವೇ ಸರಿಯುತ್ತಿದೆಯೋ ತಿಳಿಯದಾಯಿತು. ಬಳ್ಳಿಯ ಗಂಟು ಬೆನ್ನಿಗೆ ತಣ್ಣಗೆ ಒರಗಿತ್ತು. ಆರು ವರ್ಷದ ರಾಜಶ್ರೀ ತೋಟದಿಂದ ಬರುವಾಗ ಒದ್ದೆ ಲಂಗದಲ್ಲಿ ಹೀಗೇ ಒರಗಿ ನಿದ್ದೆ ಹೋಗುತ್ತಿದ್ದಳು. ಈಗಲೂ ಎಲ್ಲಿ ಬಿದ್ದಾಳೆಂಬಂತೆ ಕರಬಸಪ್ಪ ಬೈಕು ನಿಧಾನ ಮಾಡಿದ.

ನಡುದಾರಿಯಲ್ಲಿ ನಿಂತು, ಗಂಟು ಬಿಚ್ಚಿ ನೀರು ಚಿಮುಕಿಸಿದ. ಬಳ್ಳಿಯ ಘಮ ಎದ್ದಿತು. ಮಂಜಿನೊಳಗೆ ಸವಣೂರಿನ ತೋಟವೇ ಸುತ್ತ ನಿಂತಂತಾಯಿತು. ಅದೇ ಗುಂಗಿನಲ್ಲಿ ಗಂಟು ಕಟ್ಟಿ ಹೊರಟ.

ಕರಬಸಪ್ಪ ಗಂಟು ಹೊತ್ತು ಬಂದಾಗ ರಾಜಶ್ರೀ ಹೊಲದ ಬದುವಿನ ಮೇಲೆ ನಿಂತಿದ್ದಳು. ಬಾ ಅನ್ನಲಿಲ್ಲ. ಅಪ್ಪನ ಮುಖ ನೋಡಲೊಲ್ಲದೆ ತಲೆ ತಗ್ಗಿಸಿದವಳ ದೃಷ್ಟಿ ಅವನ ಕಾಲ ಮೇಲೆ ಬಿತ್ತು. ಧೂಳು ಮೆತ್ತಿದ ಬರಿಗಾಲು.

"ಅಪ್ಪಾ, ಚಪ್ಪಲಿ ಎಲ್ಲಿ?"

ಕರಬಸಪ್ಪನೂ ಆಗಲೇ ನೋಡಿಕೊಂಡ. ಬಳ್ಳಿ ಮುಟ್ಟುವ ಮುಂಚೆ, ರೂಢಿಯಂತೆ, ನಡುದಾರಿಯಲ್ಲೇ ಬಿಟ್ಟಿದ್ದ. ಮತ್ತೆ ಮೆಟ್ಟಲು ಮರೆತಿದ್ದ. ತೋಟದಲ್ಲಿ ಸವೆದ ಅಂಗಾಲಿಗೆ ಬರಿಗಾಲೇನು ಹೊಸತೆ? ಗೊತ್ತೇ ಆಗಿರಲಿಲ್ಲ.

ರಾಜಶ್ರೀಯ ಕಣ್ಣು ತುಂಬಿದವು. "ನನ್ನ ಹೊಲಕ್ಕ ಚಪ್ಪಲಿ ಬಿಟ್ಟು ಬಂದೀ?"

ಮರೆತೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಾಯಿಬಡುಕ ಕರಬಸಪ್ಪ ಜೀವಮಾನದಲ್ಲಿ ಮೊದಲ ಸಲ ಒಂದು ಮಾತು ನುಂಗಿಕೊಂಡ.

"ತ್ವಾಟಕ್ಕ ಮತ್ತ ಹೆಂಗ ಬರ್ತಾರವಾ?" ಎಂದು ಬದು ಇಳಿದ. ಕಲ್ಲು ಚುಚ್ಚಿದವು. ಗಂಟು ಹೊತ್ತುಕೊಂಡೇ ಮಗಳತ್ತ ತಿರುಗಿದ.

"ಮೊದಲನೇ ಬಳ್ಳಿ ಎಲ್ಲಿ ಹಚ್ಚೂಣು, ನೀನ ಹೇಳು."