ಹೋಲ್ಡ್ ಪದದ ಚೀಟಿ

ನಾನು ಬಿಟ್ಟದ್ದು ಮೊದಲೋ ಏಣಿ ಜಾರಿದ್ದು ಮೊದಲೋ, ತಾನಾಗಿಯೇ ಜಾರಿರಬಹುದು, ನೆಲ ಬೆಳಿಗ್ಗೆಯಷ್ಟೇ ಒರೆಸಿದ್ದು — ಆಸ್ಪತ್ರೆಯ ಈ ನೆಲವೂ ಒದ್ದೆ, ಯಾರೋ ಬಕೆಟ್ ಎಳೆಯುತ್ತಾ ಬಂದು ಕಾಲು ಎತ್ತಿ ಸಾರ್ ಅಂದರು, ಎತ್ತಿದೆ, ನನ್ನ ಕಾಲಲ್ಲಿ ಎರಡೂ ಚಪ್ಪಲಿ ಇವೆ. ಮೇಷ್ಟ್ರ ಒಂದು ಚಪ್ಪಲಿ ನಿಘಂಟು ಕಚೇರಿಯಲ್ಲೇ ಉಳಿಯಿತು, ವಾಲಿ ನಿಂತ ಏಣಿಯ ಐದನೇ ಮೆಟ್ಟಿಲಿಗೆ ಸಿಕ್ಕಿಕೊಂಡು. ಇವತ್ತಿನ ಪದ ಇಂಗ್ಲಿಷಿನ ಹೋಲ್ಡ್, ಹಿಡಿ, ಇಟ್ಟುಕೊ, ತಡೆ, ಅರ್ಥ ನಿನ್ನೆಯೇ ಬರೆದಾಗಿತ್ತು, ಮೂಲ ನೋಡಲು ಮೇಲಿನ ಕಪಾಟಿಗೆ ಹತ್ತಬೇಕು, ನಾನು ಹತ್ತುತ್ತೇನೆ ಸಾರ್ ಅಂದರೆ, ಆಮೇಲೆ ನಿನ್ನನ್ನ ಹಿಡಿಯೋರು ಯಾರಯ್ಯ, ಈ ಅರವತ್ತೆಂಟರ ಕೈ ನಂಬ್ತೀಯಾ ಅಂದರು ಮೇಷ್ಟ್ರು. ಮೇಲಿದ್ದವರು ಓದಬೇಕು, ಕೆಳಗಿದ್ದವರು ಏಣಿ ಹಿಡಿದು ನೆನಪಿಟ್ಟುಕೊಳ್ಳಬೇಕು, ಬರೆಯುವುದೇನಿದ್ದರೂ ಇಳಿದ ಮೇಲೆ, ಕಚೇರಿಗೆ ಇದೊಂದೇ ನಿಯಮ. ಮೇಲಿಂದ ಕೂಗಿದರು, ಕೇಳಿಸ್ಕೊಂಡ್ಯಾ ಮೌನಿ, ನನ್ನನ್ನು ಅವರು ಕರೆಯುವುದೇ ಹಾಗೆ, ಇದು ಮೊದಲು ಕೈಯ ಕೆಲಸವೇ ಅಲ್ಲವಂತೆ, ದನ ಕಾಯೋದಂತೆ, ಕಣ್ಣಿಟ್ಟು ಕಾಯೋದು, ಎಷ್ಟು ಚೆನ್ನಾಗಿದೆ ನೋಡು. ಚೆನ್ನಾಗಿತ್ತು, ಮರೆತುಹೋದರೆ ಎಂದು ಚೀಟಿಗೊಂದು ಕೈ, ಪೆನ್ಸಿಲ್ಲಿಗೊಂದು ಕೈ, ಕಣ್ಣೂ ಚೀಟಿಯ ಮೇಲೆ, ದನ ಎಂದು ಬರೆದೆ, ಕಾ ಬರೆಯುವಾಗ ಏಣಿ ಕಿರ್ರೆಂದಿತು, ಮೊದಲು ಪುಸ್ತಕ ಬಿತ್ತು. ಸ್ಟ್ರೆಚರ್ ಮೇಲೆ ಎಚ್ಚರವಿತ್ತು ಅವರಿಗೆ, ಹೆಂಡತಿಗೆ ಹೇಳಿದರು, ಇವನನ್ನ ಏನೂ ಅನ್ಬೇಡ ಕಣೇ, ಗಟ್ಟಿಯಾಗೇ ಹಿಡ್ಕೊಂಡಿದ್ದ, ನನಗೇ ಕಣ್ಣು ಕತ್ತಲೆ ಬಂತು — ಗೊತ್ತಿದ್ದು ಹೇಳಿದರೋ, ಮೇಲಿಂದ ನನ್ನ ಕೈ ಕಾಣುತ್ತಿತ್ತೋ ಇಲ್ಲವೋ, ಕೇಳೋಣವೆಂದರೆ ಅವರನ್ನು ಒಳಗೆ ಕರೆದೊಯ್ದ ಬಾಗಿಲಿನಿಂದ ಡಾಕ್ಟರೊಬ್ಬರೇ ಹೊರಬಂದರು, ತಲೆಯೊಳಗೆ ರಕ್ತಸ್ರಾವ, ಉಳಿಸೋಕ್ಕಾಗಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಜೋಕು ಹೇಳಿದ ಮನುಷ್ಯ. ಚೀಟಿ ಜೇಬಿನಲ್ಲಿದೆ, ವಿರುದ್ಧಪದದ ಜಾಗ ಖಾಲಿ, ಸುಮ್ಮನೆ ‘ಬಿಡು’ ಅಂತ ಬರೆದು ಕೈತೊಳ್ಕೋಬೇಡ ಅಂದಿದ್ದರು ಏಣಿ ಹತ್ತುವಾಗ, ಇಳಿದು ಬರ್ತೀನಿ, ಕೂತು ಹುಡುಕೋಣ — ಜಾರಗೊಡು, ಕಳೆದುಕೊ, ನೋಡದಿರು. ಅಮ್ಮ, ಮೇಷ್ಟ್ರ ಹೆಂಡತಿ, ಪಕ್ಕದಲ್ಲಿ ಕೂತು ನನ್ನ ಬೆನ್ನು ಸವರುತ್ತಿದ್ದಾರೆ, ನನ್ನ ಬೆನ್ನನ್ನು, ನೀನಾದರೂ ಹಿಡ್ಕೊಂಡಿದ್ದೆಯಲ್ಲಪ್ಪ, ಅದೇ ಒಂದು ಸಮಾಧಾನ, ನರ್ಸ್ ಕೊಟ್ಟ ಚೀಲ ಬಿಚ್ಚುತ್ತಾರೆ, ಕನ್ನಡಕ, ವಾಚು, ಅಂಗಿ, ಕೆಳಗೆ ಮತ್ತೆ ಕೈಯಾಡಿಸುತ್ತಾರೆ, ಇನ್ನೊಂದು ಚಪ್ಪಲಿ ಎಲ್ಲಪ್ಪ. ತರ್ತೀನಮ್ಮ ಎಂದೆ. ಐದನೇ ಮೆಟ್ಟಿಲು, ಕಂದು ಚಪ್ಪಲಿ, ಪಟ್ಟಿ ಸಿಕ್ಕಿಕೊಂಡು ಅಲ್ಲೇ ತೂಗುತ್ತಿದೆ. ಏಣಿಯ ಮೇಲೆ ನನ್ನ ಕೈ ಇರಲಿಲ್ಲ ಎಂದು ನಾನು ಹೇಳಲಿಲ್ಲ.